ಕುಗ್ಗಿದ ಮಿದುಳುಗಳ ಜೊತೆ ನನ್ನ ಪಾಡು

ಬಸವೇಶ್ವರನಗರದಲ್ಲಿ ನರರೋಗದ ಕ್ಲಿನಿಕ್ ಇಟ್ಟು ಹದಿನಾರು ವರ್ಷವಾಯಿತು. ತಲೆನೋವು, ಮರೆವು, ನಿದ್ರೆ ಇಲ್ಲ ಅಂತ ಬರುವ ಎಷ್ಟೋ ಜನಕ್ಕೆ ನಿಜವಾಗಿ ಇರೋದು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದ ಟೆನ್ಷನ್. ಅದು ಮಿದುಳಿನ ರಚನೆಯನ್ನೇ, ಒಳಗಿನ ಸಂಪರ್ಕಗಳನ್ನೇ ಬದಲಿಸುತ್ತದೆ ಅಂತ ನಾನು ಬಿಡಿಸಿ ಹೇಳುತ್ತೇನೆ. ಹೇಳಿದಾಗಲೆಲ್ಲ ಏನಾದರೊಂದು ಆಗುತ್ತದೆ. ಇನ್ನು ಬಾಯಿ ಮುಚ್ಚಿಕೊಂಡು ಮಾತ್ರೆ ಬರೆದುಕೊಡೋಣ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ.

ಲೆಟರ್‌ಹೆಡ್

ವಿಜಯನಗರದಿಂದ ಒಬ್ಬ ಸರ್ಕಾರಿ ಅಧಿಕಾರಿ ಬಂದಿದ್ದರು. ವಿಪರೀತ ಮರೆವು. ಮೂರು ವರ್ಷದಿಂದ ಆಫೀಸಿನಲ್ಲಿ ಅವರ ಮೇಲೆ ಒಂದು ವಿಚಾರಣೆ ನಡೆಯುತ್ತಿತ್ತಂತೆ, ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಎಲ್ಲ ಪರೀಕ್ಷೆ ಮಾಡಿಸಿದೆ, ಬೇರೆ ಕಾಯಿಲೆ ಇರಲಿಲ್ಲ. ಟೆನ್ಷನ್ ಬಹಳ ಕಾಲ ಇದ್ದರೆ ನೆನಪು ಕೂಡಿಡುವ ಭಾಗ ಸ್ವಲ್ಪ ಕುಗ್ಗಬಹುದು, ನಿದ್ದೆ, ನಡಿಗೆ ಸರಿಹೋದರೆ ಚೇತರಿಸಿಕೊಳ್ಳಲೂಬಹುದು ಅಂದೆ.

ಅವರ ಮುಖ ಅರಳಿತು. ಅದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಅಂದರು. ರಜೆಗಾ ಅಂತ ಕೇಳಿದೆ. ಅಲ್ಲವಂತೆ, ಹೆಂಡತಿಗೆ ತೋರಿಸಬೇಕಂತೆ. ಅಂಗಡಿಯಿಂದ ತರಬೇಕಾದ್ದನ್ನು ಮರೆತಾಗಲೆಲ್ಲ ಬೈಸಿಕೊಂಡು ಸಾಕಾಗಿದೆಯಂತೆ. ಬರೆದುಕೊಟ್ಟೆ. ನನ್ನದೇ ತಪ್ಪು.

ಮಾರನೇ ದಿನ ಬೆಳಿಗ್ಗೆ ಅದೇ ಕಾಗದ ಹಿಡಿದುಕೊಂಡು ಅವರ ಹೆಂಡತಿ ಬಂದು ಕೂತರು. "ಮೂರು ವರ್ಷದ ಟೆನ್ಷನ್‌ಗೆ ಇವರದು ಇಷ್ಟು ಕುಗ್ಗಿದೆ ಅಲ್ವಾ ಮೇಡಂ? ನಾನು ಇವರ ಜೊತೆ ಇಪ್ಪತ್ತೇಳು ವರ್ಷದಿಂದ ಇದೀನಿ. ನಂದು ಏನಾದ್ರೂ ಉಳಿದಿದೆಯಾ ನೋಡಿ."

ಒಟ್ಟು ತೂಕ

ಗೋವಿಂದರಾಜನಗರದ ಪಾತ್ರೆ ಅಂಗಡಿ ಯಜಮಾನರೊಬ್ಬರಿಗೆ ಫೋನ್ ರಿಂಗಾದರೂ ಎದೆ ಹೊಡೆದುಕೊಳ್ಳುತ್ತಿತ್ತು. ನೆನಪಿನ ಭಾಗ ಕುಗ್ಗುವ ಹಾಗೇ ಭಯದ ಭಾಗ ಬೆಳೆದು ಚುರುಕಾಗಬಹುದು, ಅದಕ್ಕೇ ಸಣ್ಣದಕ್ಕೂ ಬೆಚ್ಚಿಬೀಳುತ್ತೀರಿ ಅಂತ ಚಿತ್ರ ಬರೆದು ತೋರಿಸಿದೆ. ಇಪ್ಪತ್ತು ನಿಮಿಷ ಗಂಟಲು ಹರಿದುಕೊಂಡೆ. ಅವರು ಸಮಾಧಾನದಿಂದ ಎದ್ದರು. "ಒಂದು ಕಡೆ ಕಮ್ಮಿ ಆಗಿದೆ, ಇನ್ನೊಂದು ಕಡೆ ಜಾಸ್ತಿ ಆಗಿದೆ. ಒಟ್ಟು ತೂಕ ಸರಿ ಇದೆ ತಾನೇ?"

ಪ್ರಾತ್ಯಕ್ಷಿಕೆ

ನಂದಿನಿ ಲೇಔಟಿನ ಒಂದು ರಸ್ತೆಯ ನಿವಾಸಿಗಳ ಸಂಘದವರು ಭಾಷಣಕ್ಕೆ ಕರೆದಿದ್ದರು. ಕೋಪ ಬಂದಾಗ ತಡೆದು ನಿಲ್ಲಿಸೋದು ಮಿದುಳಿನ ಮುಂಭಾಗ, ಸದಾ ಒತ್ತಡದಲ್ಲಿದ್ದರೆ ಅದರ ಹಿಡಿತ ಸಡಿಲವಾಗುತ್ತೆ, ಯೋಚನೆಗಿಂತ ಮೊದಲೇ ಮಾತು ಬಂದುಬಿಡುತ್ತೆ ಅಂದೆ. ಅಷ್ಟರಲ್ಲೇ ನಿವೃತ್ತ ಮೇಷ್ಟರೊಬ್ಬರು ಎದ್ದುನಿಂತು, ಪಕ್ಕದ ಮನೆಯವರಿಗೆ ಆಗಿರೋದೇ ಅದು, ಇಲ್ಲದಿದ್ದರೆ ದಿನಾ ತಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದರೇ ಅಂದರು. ಪಕ್ಕದ ಮನೆಯವರು, ತಮ್ಮದು ಸಡಿಲವಾಗಿದ್ದೇ ಇವರ ಹಾರ್ನ್ ಕೇಳಿ ಕೇಳಿ ಅಂದರು. ಅರ್ಧ ಗಂಟೆ ಕೂಗಾಡಿದರು. ನಾನು ಮೈಕ್ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಕಾರ್ಯದರ್ಶಿ ವಂದನೆ ಹೇಳಿದರು: "ವಿಷಯ ತಿಳಿಸಿದ್ದಲ್ಲದೆ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸಿದ ಮೇಡಂ ಅವರಿಗೆ ಧನ್ಯವಾದಗಳು."

ಕಳುವಾದ ಸ್ಕೂಟರ್

ಹೋದ ವರ್ಷ ಕ್ಲಿನಿಕ್ಕಿನ ಮಾಲೀಕರು ಜಾಗ ಖಾಲಿ ಮಾಡಿ ಅಂದರು. ಆರು ತಿಂಗಳು ನನಗೆ ಅದೇ ಚಿಂತೆ. ಬೆಳಗ್ಗೆಯೆಲ್ಲ ರೋಗಿಗಳು, ಮಧ್ಯಾಹ್ನ ಜಾಗ ಹುಡುಕುವುದು. ಒಂದು ದಿನ ರಾಜಾಜಿನಗರದಲ್ಲಿ ಒಂದು ಮಳಿಗೆ ನೋಡಿ ಹೊರಗೆ ಬಂದರೆ ನನ್ನ ಸ್ಕೂಟರ್ ಇಲ್ಲ. ಹೂವಿನವಳನ್ನು ಕೇಳಿದೆ, ಎದುರು ಬ್ಯಾಂಕಿನ ವಾಚ್‌ಮನ್‌ನನ್ನು ಕೇಳಿದೆ, ಯಾರೂ ನೋಡಿಲ್ಲ. ಅಳು ಬರುವುದೊಂದು ಬಾಕಿ. ನೇರ ಪೊಲೀಸ್ ಸ್ಟೇಷನ್ನಿಗೆ ಹೋದೆ.

ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಳ್ಳುತ್ತಾ ಉದ್ಯೋಗ ಏನು ಅಂತ ಕೇಳಿದರು. ಹೇಳಿದೆ. ಅವರು ಪೆನ್ ಕೆಳಗಿಟ್ಟು, ತಮ್ಮ ಸಾಹೇಬರಿಗೆ ಟೆನ್ಷನ್ ಹೆಚ್ಚಾಗಿ ಈಚೆಗೆ ಏನೂ ನೆನಪಿರುವುದಿಲ್ಲ, ಒಳ್ಳೆ ಡಾಕ್ಟರಿಗೆ ತೋರಿಸಬೇಕು ಅಂತಿದ್ದಾರೆ, ನಿಮ್ಮ ಹತ್ತಿರವೇ ಕಳಿಸುತ್ತೇನೆ ಅಂದರು. ಧಾರಾಳವಾಗಿ ಕಳಿಸಿ ಅಂತ ಕಾರ್ಡ್ ಕೊಟ್ಟೆ.

ಆಗ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಫೋನ್ ಮಾಡಿದಳು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ. "ಮೇಡಂ, ನಿಮ್ಮ ಸ್ಕೂಟರ್ ಇಲ್ಲಿ ಗೇಟಿಗೆ ಅಡ್ಡ ನಿಂತಿದೆ, ಕೀ ಎಲ್ಲಿಟ್ಟಿದೀರಾ? ನೀವು ಆಟೋದಲ್ಲಿ ತಾನೇ ಹೋಗಿದ್ದು?"

ಹೆಡ್ ಕಾನ್‌ಸ್ಟೇಬಲ್ ದೂರಿನ ಹಾಳೆಯನ್ನು ನಾಲ್ಕು ತುಂಡು ಮಾಡಿದರು. ಆಮೇಲೆ ನನ್ನ ಕಾರ್ಡನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ವಾಪಸು ಕೊಟ್ಟರು.

"ಸಾಹೇಬರಿಗೆ ಅರ್ಜೆಂಟ್ ಏನಿಲ್ಲ ಮೇಡಂ. ಮೊದಲು ನೀವು ಯಾರಿಗಾದ್ರೂ ತೋರಿಸ್ಕೊಳ್ಳಿ."