ಮೈ ಕೊಡವದ ಟಗರು

ಓಬಳೇಶನ ಟಗರಿಗೆ ಮೈ ತುರಿಸತೊಡಗಿದ್ದೇ ಎಲ್ಲಕ್ಕೂ ಮೂಲ. ಬೇರೆ ಟಗರಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಊರಮ್ಮನ ಹರಕೆಯ ಟಗರು. ಅಂದು ಮಧ್ಯಾಹ್ನ ಪೆದ್ದಕಡುಬೂರಿನ ಆ ಓಣಿಯವರೆಲ್ಲ ಅದರ ಸಾರು ಉಣ್ಣುವುದಿತ್ತು. ಅಂಥ ಟಗರು ಬೆಳ್ಳಂಬೆಳಗ್ಗೆ ಕಲ್ಲುಗೂಟಕ್ಕೆ ಪಕ್ಕೆ ಒತ್ತಿ, ಕಣ್ಣು ಅರೆ ಮುಚ್ಚಿ, ಉಜ್ಜಿದ್ದೇ ಉಜ್ಜಿದ್ದು.

ಹೋದ ವರ್ಷ ಮಗಳು ದೀಪಿಕಾ ಜ್ವರ ನೆತ್ತಿಗೇರಿ ಆದೋನಿಯ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾಗ ಓಬಳೇಶನ ತಾಯಿ ಗಾದಿಲಿಂಗಮ್ಮ ಹೊತ್ತ ಹರಕೆ ಅದು. ಮಗು ಕಣ್ಣು ಬಿಟ್ಟಿತು, ಮನೆಗೆ ಬಂತು, ಈಗ ಶಾಲೆಗೂ ಹೋಗುತ್ತಿದೆ. ಹರಕೆಯ ಟಗರಿನ ಮಿದುಳನ್ನು ಹುರಿದು, ಬದುಕಿ ಬಂದ ಮಗುವಿಗೇ ತಿನ್ನಿಸಬೇಕೆಂಬುದು ಆ ಮನೆಯ ಪದ್ಧತಿ.

ಆ ಮಿದುಳೇ ಓಬಳೇಶನ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಈಚೆಗೆ ಆದೋನಿಯಲ್ಲಿ ನಡೆದ ಕುರಿ ಸಾಕುವವರ ಸಭೆಯಲ್ಲಿ ಪಶುವೈದ್ಯೆ ಸುಹಾಸಿನಿ ಒಂದು ರೋಗದ ಸಂಗತಿ ಹೇಳಿದ್ದರು. ಅದು ಬಂದ ಕುರಿ ಕಂಬಕ್ಕೆ ಮೈ ಉಜ್ಜುತ್ತದೆ, ಬೆನ್ನು ಕೆರೆದರೆ ತುಟಿ ಚಪ್ಪರಿಸುತ್ತದೆ, ನಡುಗುತ್ತದೆ, ಕೊನೆಗೆ ಕಾಲು ತಪ್ಪಿ ಬೀಳುತ್ತದೆ. ರೋಗ ಅಡಗಿರುವುದು ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ. ಮದ್ದಿಲ್ಲ, ಕುದಿಸಿದರೂ ಹೋಗುವುದಿಲ್ಲ. “ಆದರೆ...” ಎಂದು ಅವರು ಮುಂದುವರಿಸುವಷ್ಟರಲ್ಲಿ ಹೊರಗೆ ಬಿರಿಯಾನಿ ಹಂಡೆಯ ಮುಚ್ಚಳ ತೆಗೆದ ಸದ್ದಾಯಿತು. ಆ ‘ಆದರೆ’ಯ ಮುಂದಿನ ಮಾತು ಓಬಳೇಶನಿಗೆ ಗೊತ್ತಾಗಲಿಲ್ಲ. ಊಟದ ಸಾಲಿನಲ್ಲಿ ಅವನೇ ಮೊದಲಿಗನಾಗಿದ್ದ.

ಈಗ ಟಗರಿನ ಬೆನ್ನು ಕೆರೆದು ನೋಡಿದ. ಟಗರು ತುಟಿ ಚಪ್ಪರಿಸಿತು. ಓಬಳೇಶನ ಜೀವ ಬಾಯಿಗೆ ಬಂತು.

“ಯವ್ವಾ, ಇವತ್ತು ಬ್ಯಾಡಬೇ. ಟಗರಿಗೆ ರೋಗ ಐತಿ.”

“ಏನು ರೋಗ?” ಎಂದಳು ಗಾದಿಲಿಂಗಮ್ಮ.

“ಮೈ ತುರಿಸ್ತೈತಿ.”

“ಮೈ ತುರಿಸೋದು ರೋಗ ಅಂದ್ರ ಈ ಓಣ್ಯಾಗ ಗಟ್ಟಿ ಇರೋರು ಯಾರೂ ಸಿಗಂಗಿಲ್ಲ. ಊರಮ್ಮ ಅದರ ಮೈಮ್ಯಾಲೆ ಕೈ ಆಡಿಸಾಕತ್ತಾಳ, ಅದಕ್ಕ ಹಂಗ ಮಾಡತೈತಿ. ಸುಮ್ನಿರು.”

ಅಷ್ಟರಲ್ಲಿ ಪಕ್ಕದ ಮನೆಯ ನಾಗಣ್ಣ ಗೋಡೆಯ ಮೇಲಿಂದ ತಲೆ ಹಾಕಿದ. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವನಿಗೆ ಮೊದಲು ಗೊತ್ತಾಗಬೇಕು. “ಏಮಯ್ಯಾ ಓಬಳೇಶ, ಊಟ ಹಾಕಾಕ ಹಿಂದ ಮುಂದ ನೋಡ್ತಿಯೇನು? ಇದ್ದದ್ದು ಹೇಳು, ರೋಗ ಗೀಗ ಅಂತ ಕತಿ ಕಟ್ಟಬ್ಯಾಡ.”

ಓಬಳೇಶ ಹಿತ್ತಲಿಗೆ ಹೋಗಿ ಸುಹಾಸಿನಿಯವರಿಗೆ ಫೋನು ಮಾಡಿದ. ಅವರು ನಾಗಲದಿನ್ನೆಯಲ್ಲಿ ಲಸಿಕೆ ಹಾಕುತ್ತಿದ್ದರು. “ಮಧ್ಯಾಹ್ನ ಬರ್ತೀನ್ರಿ. ಅಲ್ಲಿತನಕ ಆ ಟಗರು ಕಡೀಬ್ಯಾಡ್ರಿ” ಎಂದರು.

ಮಧ್ಯಾಹ್ನದ ತನಕ ತಡೆಯುವುದು ಹೇಗೆ? ಆಗ ಅವನಿಗೆ ಪದ್ಧತಿಯೇ ದಾರಿ ತೋರಿಸಿತು. ಹರಕೆಯ ಪ್ರಾಣಿಯ ಮೈಮೇಲೆ ನೀರು ಚಿಮುಕಿಸುತ್ತಾರೆ. ಅದು ಮೈ ಕೊಡವಿದರೆ ಊರಮ್ಮ ಒಪ್ಪಿದಂತೆ. ಕೊಡವದಿದ್ದರೆ ಕತ್ತಿ ಮೇಲೇಳುವಂತಿಲ್ಲ. ಓಬಳೇಶ ಬೇವಿನೆಣ್ಣೆಯ ಡಬ್ಬಿ ತಂದು, ಟಗರಿನ ಕಿವಿಯಿಂದ ಬಾಲದವರೆಗೆ ಉಣ್ಣೆಯ ಬುಡ ಸೇರುವಂತೆ ತಿಕ್ಕಿದ. ತುರಿಕೆಯೂ ತಣ್ಣಗಾಗಬೇಕು, ನೀರೂ ಜಾರಬೇಕು. “ಯವ್ವಾ ಊರಮ್ಮ, ಸಿಟ್ಟಾಗಬ್ಯಾಡ. ನೀನು ಉಳಿಸಿಕೊಟ್ಟ ಕೂಸಿಗೆ ನನ್ನ ಕೈಯಾರೆ ವಿಷ ಹ್ಯಾಂಗ ತಿನ್ನಿಸಲಿ?” ಎಂದು ಕಣ್ಣೊರೆಸಿಕೊಂಡ. ಅಂಗೈಯ ಎಣ್ಣೆ ಕಣ್ಣಿಗೆ ಬಿದ್ದು ಇನ್ನಷ್ಟು ನೀರು ಬಂತು.

ಗುಡಿಯ ಮುಂದೆ ಹಾಲಸ್ವಾಮಿ ಹಲಗೆ ಬಾರಿಸಿದ. ಗಾದಿಲಿಂಗಮ್ಮ ನೀರು ಚಿಮುಕಿಸಿದಳು. ಟಗರು ಕದಲಲಿಲ್ಲ. ಎಣ್ಣೆಸ್ನಾನ ಮಾಡಿದ ಅಳಿಯನಂತೆ ತೂಕಡಿಸುತ್ತ ನಿಂತಿತ್ತು. ಚೊಂಬು ಹೋಗಿ ಕೊಡ ಬಂತು. ಸುರಿದ ನೀರೆಲ್ಲ ಅದರ ಮೈಯಿಂದ ಜಾರಿ ಜನರ ಕಾಲು ತೋಯಿಸಿತು.

“ಮನಿಯಾಗ ಏನೋ ತಪ್ಪಾಗೈತಿ” ಎಂದ ನಾಗಣ್ಣ. “ಒಪ್ಪಿಕೊಳ್ರಿ, ಟಗರು ಕೊಡವತೈತಿ.”

ಎಲ್ಲರೂ ಓಬಳೇಶನನ್ನು ನೋಡಿದರು. ಅವನು ನೆಲ ನೋಡಿದ. ಎದುರು ಮನೆಯ ಗುರುಲಿಂಗಮ್ಮ ಹೋ ಎಂದು ಅತ್ತಳು. “ನಿಮ್ಮ ತಾಮ್ರದ ಚೊಂಬು ನನ್ನತ್ರ ಐತಬೇ ಗಾದಿಲಿಂಗಕ್ಕಾ!” ಟಗರು ಕೊಡವಲಿಲ್ಲ. ಹಾಲಸ್ವಾಮಿ ಹಲಗೆ ಕೆಳಗಿಟ್ಟು, ಹೋದ ಸಲ ಕುಡಿದು ಬಾರಿಸಿದ್ದನ್ನು ಹೇಳಿ ಕೈಮುಗಿದ. ಆಗಲೂ ಕೊಡವಲಿಲ್ಲ. ಕೊನೆಗೆ ನಾಗಣ್ಣನೇ ಬೆವರೊರೆಸಿಕೊಂಡು, “ನಿಮ್ಮ ಹೊಲದ ಬದು... ಒಂಚೂರು ನಾನು ಸರಿಸೀನಿ” ಎಂದ. ಟಗರು ಆಕಳಿಸಿತು.

“ಆಕಿ ಒಲ್ಲೆ ಅಂದ್ಲು” ಎಂದು ಗಾದಿಲಿಂಗಮ್ಮ ಕುಸಿದು ಕೂತಳು. “ಮಗೂಗೆ ಮತ್ತೇನು ಕಾದೈತೋ!” ಆ ಮಾತು ಓಬಳೇಶನ ಕರುಳಿಗೆ ನಾಟಿತು. ಆದರೂ ಎಣ್ಣೆಯ ಗುಟ್ಟು ಬಿಟ್ಟುಕೊಡಲಿಲ್ಲ.

ಬದುವಿನ ಮಾತು ಮರೆಸಲೋ ಏನೋ, ನಾಗಣ್ಣ ಧಾರಾಳಿಯಾದ. “ಅಳಬ್ಯಾಡಬೇ. ನನ್ನ ಟಗರು ಕೊಡ್ತೀನಿ. ಈ ಟಗರು ದೇವರ ಹೆಸರಿಗೆ ಬಿಡ್ರಿ.” ತನ್ನ ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಮಾಂಸ ತುಂಬಿದ ಬುಟ್ಟಿ ಹೊರಿಸಿಕೊಂಡು ಬಂದ. “ಏನ್ ಮಹಿಮಿ ಅಂತೀರಿ! ನೀರು ಹಾಕೋಕಿಂತ ಮೊದ್ಲ ಗಡಗಡ ಮೈ ಕೊಡವಿತು!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹೆಂಗಸರು ಗಲ್ಲ ಬಡಿದುಕೊಂಡರು. ಅಪಾಯ ತಪ್ಪಿತೆಂಬ ಸಂತೋಷದಲ್ಲಿ ಓಬಳೇಶ ಆ ಮಾತಿಗೆ ಗಮನ ಕೊಡಲಿಲ್ಲ.

ಊಟಕ್ಕೆ ಕೂತಾಗ ಅಜ್ಜಿ ಹುರಿದ ಮಿದುಳನ್ನು ದೀಪಿಕಾಳ ಮುಂದಿಟ್ಟಳು. ಮಗು ಮೂಗು ಮುಚ್ಚಿಕೊಂಡಿತು. “ನನಗ ಬ್ಯಾಡ. ಮೆತ್ತಗ ಐತಿ. ಅಪ್ಪಾ, ನೀನ ತಿನ್ನು.”

“ಹರಕಿ ತಪ್ಪತೈತಿ!” ಎಂದು ಗಾದಿಲಿಂಗಮ್ಮ ಗದರಿದಳು.

“ಅಳಿಸಬ್ಯಾಡಬೇ. ಮಗಳ ಪಾಲು ಅಪ್ಪ ತಿಂದ್ರ ಊರಮ್ಮ ಏನೂ ಅನ್ನಂಗಿಲ್ಲ” ಎಂದ ಓಬಳೇಶ. ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಮಗಳ ಮುಖ ನೋಡುತ್ತ, ಪೂರ್ತಿ ಮಿದುಳನ್ನು ತಟ್ಟೆ ಸವರಿ ತಿಂದು ಮುಗಿಸಿದ. ಅಷ್ಟು ನೆಮ್ಮದಿಯ ಊಟವನ್ನು ಅವನು ವರ್ಷದಿಂದ ಉಂಡಿರಲಿಲ್ಲ.

ಕೈ ತೊಳೆಯುವಾಗ ಸುಹಾಸಿನಿ ಬಂದರು. ಗೂಟದ ಟಗರಿನ ಉಣ್ಣೆ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿ ನಕ್ಕರು. “ಇದಕ್ಕ ಕಜ್ಜಿಹುಳ ಹತ್ತೈತಿ ಅಷ್ಟ. ಆಗ್ಲೇ ಸಾಯಾಕತ್ತಾವ. ಬೇವಿನೆಣ್ಣಿ ಯಾರು ಹಚ್ಚಿದ್ರಿ? ಚಲೋ ಕೆಲಸ ಮಾಡೀರಿ.”

ಓಬಳೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಟ್ಟಿಮುಟ್ಟಾದ ಟಗರು ದೇವರ ಪಾಲಾಗಿತ್ತು. ಸಾಯುವ ತನಕ ಮೇವು ಹಾಕುವುದು ಅವನ ಪಾಲಾಗಿತ್ತು.

“ಹಂಗಾದ್ರ ನಂದಕ್ಕೇನಾಗಿತ್ರಿ ಮೇಡಂ?” ಎಂದ ನಾಗಣ್ಣ ಹಲ್ಲಿಗೆ ಕಡ್ಡಿ ಹಾಕುತ್ತ. “ಸುಮಾರು ದಿನದಿಂದ ಗ್ವಾಡಿಗೆ ಉಜ್ಜತಿತ್ತು. ನಡುಗೋದು, ನಡೀವಾಗ ಹಿಂಗಾಲು ಸೋತು ಬೀಳೋದು. ಸತ್ತು ಗಿತ್ತೀತು, ಅಷ್ಟರಾಗ ದೇವರಿಗರ ಆಗ್ಲಿ ಅಂತ ಕೊಟ್ಟೆ.”

ಹಲಗೆಯ ಮೇಲೆ ಬೆರಳಾಡಿಸುತ್ತಿದ್ದ ಹಾಲಸ್ವಾಮಿಯ ಕೈ ನಿಂತಿತು. ಸುಹಾಸಿನಿಯವರ ನಗು ಆರಿತು. “ಅಂಥದನ್ನ ನನಗ ತೋರಿಸದಂಗ ಕಡಿತಾರೇನ್ರಿ? ಬ್ಯಾರೆ ಏನರ ಇರಬಹುದು. ಆ ರೋಗ ಕುರಿಯಿಂದ ಮನುಷ್ಯರಿಗೆ ಬಂದದ್ದು ಕಂಡಿಲ್ಲ. ಆವತ್ತು ಸಭೆದಾಗ ‘ಆದರೆ’ ಅಂತ ಅದನ್ನ ಹೇಳಾಕ ಹೊಂಟಿದ್ದೆ, ನೀವೆಲ್ಲ ಎದ್ದು ಹೋದ್ರಿ. ಇರಲಿ, ಖಾತ್ರಿ ಮಾಡ್ಕೊಳ್ಳೋಣ. ಮಿದುಳು ಲ್ಯಾಬಿಗೆ ಕಳಿಸಬೇಕು. ಎಲ್ಲೈತಿ?”

ಓಣಿಯ ಕಣ್ಣುಗಳೆಲ್ಲ ಓಬಳೇಶನ ಹೊಟ್ಟೆಯ ಮೇಲೆ ನೆಟ್ಟವು.

ಓಬಳೇಶನ ಬೆನ್ನ ನಡುವೆ ಸಣ್ಣಗೆ ತುರಿಸಿದಂತಾಯಿತು. ತಡೆದುಕೊಂಡ. ಇನ್ನೂ ಜೋರಾಯಿತು. ತನಗರಿವಿಲ್ಲದೆ ಹಿಂದೆ ಸರಿದು ಕಲ್ಲುಗೂಟಕ್ಕೆ ಬೆನ್ನು ಕೊಟ್ಟ. ದೇವರ ಟಗರು ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು.

“ಅಯ್ಯೋ ನನ ಮಗನ, ಮುಖ ಬಿಳಚ್ಕೊಂಡೈತಿ!” ಎಂದು ಗಾದಿಲಿಂಗಮ್ಮ ಓಡಿ ಬಂದು ಚೊಂಬಿನ ತಣ್ಣೀರನ್ನು ಅವನ ತಲೆಯ ಮೇಲೆ ಸುರಿದಳು.

ಓಬಳೇಶ ನೆತ್ತಿಯಿಂದ ಅಂಗಾಲಿನವರೆಗೆ ಗಡಗಡನೆ ಮೈ ಕೊಡವಿದ.

“ಒಪ್ಪಿದ್ಲು!” ಎಂದು ಕೂಗಿದ ನಾಗಣ್ಣ. ಹಾಲಸ್ವಾಮಿ ಹಲಗೆ ಎತ್ತಿಕೊಂಡ.