ಕಳಾವರ್ ಗುಲಾಮ

ಅನಂತಮೂರ್ತಿಯ ಮರ್ಯಾದೆ ತೆಗೆದದ್ದು ಒಂದೇ ಒಂದು ಇಸ್ಪೀಟೆಲೆ.

ವಾನಳ್ಳಿಯಲ್ಲಿ ಅಕ್ಕ ಗಂಗಾಳ ಮನೆಯಲ್ಲಿ ಅವತ್ತು ಹಲಸಿನ ಹಪ್ಪಳ. ಅಂಗಳದ ತುಂಬ ಹಲಸಿನಕಾಯಿಗಳು ಆನೆಮರಿಗಳ ಹಾಗೆ ಮಲಗಿದ್ದವು. ಕೊಚ್ಚುವವರು ಯಾರು? ಭಾವ ಮಾದೇವ ಚಾಪೆ ಹಾಸಿ ಇಸ್ಪೀಟು ಹಂಚಿಯೇಬಿಟ್ಟ. ಕಳಾವರ್ ಗುಲಾಮ ಸಿಕ್ಕವನು ಅದನ್ನು ಇಳಿಸಿ, ಎದುರಿಗೆ ಬಿದ್ದ ಎಲೆಗಳನ್ನೆಲ್ಲ ಬಾಚಿಕೊಳ್ಳಬಹುದು. ಆದರೆ ಕೊನೆಯ ಸುತ್ತಿನ ತನಕ ಕೈಯಲ್ಲೇ ಉಳಿಸಿಕೊಂಡನೋ, ಅಷ್ಟೂ ಕಾಯಿ ಕೊಚ್ಚುವ ಕೆಲಸ ಅವನ ಪಾಲಿಗೆ.

ಗುಲಾಮ ಬಂದದ್ದು ಅನಂತಮೂರ್ತಿಗೆ. ಮೂವತ್ತೆಂಟಾದರೂ ಹೆಣ್ಣು ಸಿಗದ ಮನುಷ್ಯ. ಫೋಟೋದಲ್ಲಷ್ಟೇ ಕಂಡಿದ್ದ ಅಭಿಜ್ಞಾಳನ್ನು ನೋಡಲು ಸಂಜೆ ಉಮ್ಮಚಗಿಗೆ ಹೋಗಬೇಕೆಂದು ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದ. ಹಲಸಿನ ಮೇಣ ತಾಗಿದರೆ ಅಂಗಿಯೂ ಹೋಯಿತು, ಹೆಣ್ಣೂ ಹೋಯಿತು. ಬುದ್ಧಿಯಿದ್ದವನಾದರೆ ಗುಲಾಮನನ್ನು ಮೊದಲೇ ಒಗೆಯುತ್ತಿದ್ದ. ಇವನಿಗಿದ್ದದ್ದು ಬುದ್ಧಿಯಲ್ಲ, ಲೆಕ್ಕಾಚಾರ.

“ಒಗದ್ಬಿಡಾ ತಮಾ,” ಹಿಂದಿನಿಂದ ಅಕ್ಕ ಇಣುಕಿದಳು.

“ಸುಮ್ಮಂಗಿರೆ ಅಕ್ಕ. ಚಿಲ್ಲರೆ ಎಲೆ ಬಾಚೂಲೆ ಗುಲಾಮ ಬೇಕನೆ? ಎಕ್ಕ ಬರ್ಲಿ.”

ತೊಳೆ ಬಿಡಿಸಲು ಬಂದಿದ್ದ, ನೈಟಿ ಹಾಕಿ ತಲೆಗೆ ವಸ್ತ್ರ ಸುತ್ತಿದ್ದ ಹುಡುಗಿಯೂ ಬಾಯಿ ಹಾಕಿದಳು: “ಕೈಲೇ ಉಳದ್ರೆ ಕಷ್ಟ ಅಲ್ದಾ?”

“ನಿಂಗೆಂತ ಗೊತ್ತಿದ್ದು? ಹೋಗಿ ಚಾ ಮಾಡು!”

ಎರಡೆರಡೇ ಎಲೆ ಉಳಿದಾಗ ಭಾವ ಎಕ್ಕ ಇಳಿಸಿದ. ಅನಂತಮೂರ್ತಿ ಕುಪ್ಪಳಿಸಿದ. ಕುಪ್ಪಳಿಸಲು ಊರಿದ ಕೈ, ಹದ ನೋಡಲೆಂದು ಅಕ್ಕ ಕೊಯ್ದಿಟ್ಟಿದ್ದ ಹಲಸಿನ ಹೋಳಿನ ಮೇಲೆ! ಅದೇ ಕೈಯಲ್ಲಿ ಗುಲಾಮನನ್ನು ಹಿಡಿದು “ತಗ ಭಾವಾ!” ಎಂದು ಚಾಪೆಗೆ ಅಪ್ಪಳಿಸಿದ.

ಕೈ ಎತ್ತಿದ. ಗುಲಾಮನೂ ಎದ್ದು ಬಂದ. ಕೊಡವಿದ. ಬೀಳಲಿಲ್ಲ. ಚಾಪೆಗೆ ಉಜ್ಜಿದ. ಚಾಪೆಯೂ ಎದ್ದು ಬಂತು, ಅದರ ಮೇಲೆ ಕೂತಿದ್ದ ಭಾವ ಮಗುಚಿಬಿದ್ದ.

“ಎಲೆ ಕೈಲೇ ಉಳತ್ತಲಾ!” ಬಿದ್ದಲ್ಲಿಂದಲೇ ಭಾವ ಕತ್ತಿ ನೀಡಿದ.

ಸಂಜೆಗೆ ಮೇಣ ಮೊಣಕೈ ದಾಟಿತ್ತು. ನೊಣ, ತರಗೆಲೆ, ಬೆಕ್ಕಿನ ಕೂದಲು ಎಲ್ಲವೂ ಬಿಳಿ ಅಂಗಿಯ ಜೊತೆ ಸಂಬಂಧ ಬೆಳೆಸಿದ್ದವು.

“ಅಕ್ಕಾ, ಎಣ್ಣೆ ಕೊಡೆ! ಉಮ್ಮಚಗಿಗೆ ಹೊತ್ತಾತು!”

“ಹೋಗದು ಬ್ಯಾಡ್ದಾ. ನೀ ನೋಡೂಲೆ ಹೊಂಟ ಕೂಸು ಬೆಳಗಿಂದ ಇಲ್ಲೇ ಇದ್ದು. ಗುಟ್ಟಾಗಿ ನಿನ್ನ ನೋಡವು ಹೇಳಿ ಬಂದಿದ್ದು.”

ನೈಟಿಯ ಹುಡುಗಿ ತಲೆಯ ವಸ್ತ್ರ ಬಿಚ್ಚಿದಳು. ಫೋಟೋದ ಅಭಿಜ್ಞಾ!

“ಎಂತ ಹೇಳ್ತ್ಯೇ?” ಅಕ್ಕ ಕೇಳಿದಳು.

“ಗುಲಾಮನ್ನ ಕಡೆತನಕ ಇಟ್ಕಂಡ್ರೆ ಕಷ್ಟ ಗಂಗಕ್ಕ. ಈಗ್ಲೇ ಒಗದ್ಬಿಡ್ತೆ.”

ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

“ಆದ್ರೆ ಒಗೆಯೂ ಮುಂಚೆ ಒಂದ್ಸಲ ಉಪಯೋಗಕ್ಕೆ ಬತ್ತಲಾ? ನಾಳೆ ಎಂಗಳ ಮನೆಲೂ ಹಪ್ಪಳ ಇದ್ದು. ಕಳ್ಸಿ.”