ಬೆಂಚಿಗೆ ಬಿದ್ದ ಗರಿಗರಿ

ಭಾನುವಾರ ಲಾಂಡ್ರಿಯ ಮಾಲೀಕನಿಗೆ ಬಿಡುವು ಸಿಕ್ಕಿತು. ಆಗಬಾರದ್ದೆಲ್ಲ ಶುರುವಾದದ್ದು ಅಲ್ಲಿಂದಲೇ. ಬಿಡುವಾದ ಮನುಷ್ಯ ಮಲಗಬಹುದಿತ್ತು, ಉಗುರು ಕತ್ತರಿಸಿಕೊಳ್ಳಬಹುದಿತ್ತು, ಏನೂ ತೋಚದಿದ್ದರೆ ಹೆಂಡತಿಯ ಜೊತೆ ಜಗಳವಾಡಬಹುದಿತ್ತು. ಅದೆಲ್ಲ ಬಿಟ್ಟು ಆತ ಟಿ.ವಿ. ಮುಂದೆ ಕೂತು ಆಟದ ಮೇಲಿನ ಒಂದು ಸಿನಿಮಾ ನೋಡಿದ. ಸೋತು ಸುಣ್ಣವಾದ ಒಂದು ಫುಟ್‌ಬಾಲ್ ತಂಡ, ಮಾತುಮಾತಿಗೂ ಸಿಡುಕುವ ಒಬ್ಬ ಕೋಚ್, ಕೊನೆಗೆ ಕಣ್ಣೀರು, ಕಪ್, ಕೊಂಬು ಕಹಳೆ. ನೋಡಿ, ಅತ್ತು, ಮೂಗು ಒರೆಸಿಕೊಂಡು ಸುಮ್ಮನಾಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಸೋಮವಾರ ಬೆಳಗ್ಗೆ ಅಂಗಡಿಗೆ ಬಂದಾಗ ಆತನ ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು.

ಈ ಸೀಟಿಗೆ ಬಲಿಯಾದವನು ಗರಿಗರಿ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅವನ ಕೈಯಲ್ಲಿ ಇಸ್ತ್ರಿಯಾದ ಬಟ್ಟೆ ಹಪ್ಪಳದ ಹಾಗೆ ನಿಲ್ಲುತ್ತಿತ್ತಾದ್ದರಿಂದ ಜನ ಗರಿಗರಿ ಎಂದೇ ಕರೆಯುತ್ತಿದ್ದರು. ಆ ಲಾಂಡ್ರಿಯಲ್ಲಿ ಅವನ ಪ್ರಾಯವೆಲ್ಲ ಆವಿಯಾಗಿತ್ತು. ಹಳೆಯ ಮೇಸ್ತ್ರಿ ಹೋದ ವಾರ ಕೆಲಸ ಬಿಟ್ಟಿದ್ದ, ಆ ಜಾಗ ಯಾರಿಗೆಂದು ಸೋಮವಾರ ಸಂಜೆ ಹೇಳುತ್ತೇನೆಂದು ಮಾಲೀಕ ಮಾತು ಕೊಟ್ಟಿದ್ದ. ಯಾರಿಗೆಂದು ಕೇಳುವುದೇ ಬೇಡವಾಗಿತ್ತು. ಗರಿಗರಿಯ ಹೆಂಡತಿಯಂತೂ ಬೀದಿಗೆಲ್ಲ ಡಂಗುರ ಹೊಡೆದಾಗಿತ್ತು. ‘ಇನ್ನು ಮೇಲೆ ಮೇಸ್ತ್ರಿ ಅನ್ನಬೇಕು’ ಎಂದು ಎದುರುಮನೆಯಾಕೆಗೆ ತಾಕೀತು ಕೂಡ ಮಾಡಿದ್ದಳು. ಆದ್ದರಿಂದ ಆ ಸಂಜೆ ಅವನು ಮೇಸ್ತ್ರಿಯಾಗಿಯೇ ಮನೆಗೆ ಹೋಗಬೇಕಿತ್ತು. ಬರಿಗೈಯಲ್ಲಿ ಹೋದರೆ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

ಮಾಲೀಕ ಸೀಟಿ ಊದಿ ನಾಲ್ಕೂ ಜನರನ್ನು ವೃತ್ತಾಕಾರ ನಿಲ್ಲಿಸಿದ. ಹೆಗಲ ಮೇಲೆ ಕೈ ಹಾಕಿಕೊಳ್ಳಿ ಎಂದ. ಗರಿಗರಿ, ಬಟ್ಟೆ ಒಗೆಯುವ ಯಂತ್ರ ನೋಡಿಕೊಂಡು ನೊರೆ ಎಂದೇ ಹೆಸರಾದವನು, ಕೌಂಟರಿನಾಕೆ, ವ್ಯಾನಿನ ಡ್ರೈವರ್, ನಾಲ್ವರೂ ಬಗ್ಗಿ ಒಬ್ಬರ ಕಾಲುಬೆರಳು ಇನ್ನೊಬ್ಬರು ನೋಡುತ್ತ ನಿಂತರು.

“ಇವತ್ತಿಂದ ನೀವು ಕೆಲಸದವರಲ್ಲ, ತಂಡ! ಮೇಸ್ತ್ರಿ ಅನ್ನೋ ಮಾತೇ ಬೇಡ. ಕ್ಯಾಪ್ಟನ್! ಸಂಜೆ ಕ್ಯಾಪ್ಟನ್ ಯಾರು ಅಂತ ಹೇಳ್ತೀನಿ. ಅಲ್ಲೀವರೆಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಆಡಬೇಕು. ಡ್ರೈವರ್ ಇಸ್ತ್ರಿಗೆ. ಕೌಂಟರಮ್ಮ ಮೆಷಿನ್ನಿಗೆ. ನೊರೆ ಕೌಂಟರಿಗೆ.”

“ನಾನು?” ಎಂದ ಗರಿಗರಿ.

“ನೀನು ಬೆಂಚಿಗೆ.”

“ಯಾಕೆ ಸಾರ್? ನಾನೇನು ತಪ್ಪು ಮಾಡ್ದೆ?”

“ತಪ್ಪೇನಿಲ್ಲ. ನೀನೇ ನಮ್ಮಲ್ಲಿ ಸ್ಟಾರ್. ಸಿನಿಮಾದಲ್ಲಿ ಕೋಚು ಸ್ಟಾರ್ ಆಟಗಾರನ್ನ ಹೊರಗೆ ಕೂರಿಸ್ತಾನೆ. ಆಗ್ಲೇ ಮಿಕ್ಕವರು ಆಡೋದು ಕಲಿಯೋದು.”

ಅಲ್ಲ, ನೀವೇ ಹೇಳಿ. ಕೆಲಸ ಬಾರದವನನ್ನು ಕೂರಿಸುವುದು ಕೇಳಿದ್ದೇವೆ. ಕೆಲಸ ಬರುತ್ತದೆಂಬ ಅಪರಾಧಕ್ಕೆ ಕೂರಿಸುವುದು ಯಾವ ಸೀಮೆಯ ನ್ಯಾಯ? ಗರಿಗರಿಗೂ ಹಾಗೇ ಅನ್ನಿಸಿತು. ಆದರೆ ಕ್ಯಾಪ್ಟನ್ ಪದವಿ ಸಂಜೆಯವರೆಗೆ ಮಾಲೀಕನ ಬಾಯಲ್ಲೇ ಇರುವುದರಿಂದ ಅವನು ತನ್ನ ಬಾಯಿ ಮುಚ್ಚಿಕೊಂಡು, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಗಾಜಿನ ಬಾಗಿಲ ಪಕ್ಕ ಹೋಗಿ ಕೂತ. ಬೀದಿಯಲ್ಲಿ ಹೋಗುವ ಬರುವ ಪ್ರತಿಯೊಬ್ಬರಿಗೂ ಅವನು ಚೆನ್ನಾಗಿ ಕಾಣುತ್ತಿದ್ದ.

ಆ ದಿನ ಆಸ್ಪತ್ರೆಯ ಬಿಳಿ ಕೋಟುಗಳ ಸರದಿ. ಡಾಕ್ಟರುಗಳ ಕೋಟು ಎಂದರೆ ಹುಡುಗಾಟವಲ್ಲ. ಕಾಲರು ಮೊದಲು, ಆಮೇಲೆ ತೋಳು, ಕೊನೆಗೆ ಬೆನ್ನು, ಜೇಬಿನ ಅಂಚು ಮಡಚಿಕೊಳ್ಳಬಾರದು. ಸಂಜೆ ಐದಕ್ಕೆ ಆಸ್ಪತ್ರೆಯವರ ಗಾಡಿ ಬಂದು ಒಯ್ಯುತ್ತಿತ್ತು. ಕೌಂಟರಿನಾಕೆ ಜೀವಮಾನದಲ್ಲಿ ಮೊದಲ ಸಲ ಯಂತ್ರದ ಮುಂದೆ ನಿಂತು, ಬಟ್ಟೆ ಶುಭ್ರವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಸೋಪಿನ ಪುಡಿಯ ಡಬ್ಬವನ್ನೇ ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ನೊರೆ ಉಕ್ಕಿ ನೆಲಕ್ಕಿಳಿದು, ಮೊಣಕಾಲಿಗೇರಿ, ಕೌಂಟರಿನತ್ತ ಹೊರಟಿತು. ಅಲ್ಲಿ ನೊರೆ ಎಂಬ ಮನುಷ್ಯ ಒಬ್ಬ ಕಡ್ಡಿ ಪೈಲ್ವಾನನ ಕೈಗೆ ಯಾರದೋ ಡೊಳ್ಳುಹೊಟ್ಟೆಯ ಪ್ಯಾಂಟು ಕೊಟ್ಟು, “ಒಗೆದ ಮೇಲೆ ಬಟ್ಟೆ ಸ್ವಲ್ಪ ಹಿಗ್ಗುತ್ತೆ ಸಾರ್” ಎಂದು ಸಮಾಧಾನ ಹೇಳುತ್ತಿದ್ದ.

ಗರಿಗರಿಗೆ ಇಷ್ಟನ್ನೂ ನುಂಗಿಕೊಳ್ಳಲು ಸಾಧ್ಯವಾಯಿತು. ಆದರೆ ಡ್ರೈವರ್ ಇಸ್ತ್ರಿ ಪೆಟ್ಟಿಗೆಯನ್ನು ಗೇರ್ ಹಾಕುವವನ ಹಾಗೆ ಹಿಡಿದದ್ದು ಕಂಡಾಗ ಅವನು ಬೆಂಚಿನ ತುದಿಗೆ ಜರುಗಿದ. ಡ್ರೈವರ್ ಒಣಗಿದ್ದ ಮೊದಲ ಕೋಟಿನ ಬೆನ್ನ ಮೇಲೆ ಪೆಟ್ಟಿಗೆ ಇಟ್ಟು, ಮಾಲೀಕನ ಕಡೆ ತಿರುಗಿ, ತಂಡದಲ್ಲಿರುವುದು ತನಗೆ ಎಷ್ಟು ಸಂತೋಷವೆಂದು ವಿವರಿಸತೊಡಗಿದ.

“ಎತ್ತೋ! ಸುಡ್ತಾ ಇದೆ, ಎತ್ತೋ ಪುಣ್ಯಾತ್ಮ!” ಗರಿಗರಿ ಎದ್ದು ನಿಂತು ಕಿರುಚಿದ.

ಮಾಲೀಕ ಸೀಟಿ ಊದಿದ. ಊದಿದ್ದು ಕೋಟು ಸುಟ್ಟವನ ಮೇಲಲ್ಲ. ಸೋಪಿನ ಪೆಟ್ಟಿಗೆಯಿಂದ ಕತ್ತರಿಸಿಟ್ಟಿದ್ದ ಹಳದಿ ರಟ್ಟಿನ ತುಂಡನ್ನು ಜೇಬಿನಿಂದ ತೆಗೆದು ಗರಿಗರಿಯ ಮೂಗಿನ ಮುಂದೆ ಹಿಡಿದ.

“ಹಳದಿ ಕಾರ್ಡ್! ಬೆಂಚಲ್ಲಿರೋನು ಮೈದಾನಕ್ಕೆ ಕೂಗಬಾರದು. ಇನ್ನೊಂದು ಸಲ ಬಾಯಿ ಬಿಟ್ಟರೆ ಕ್ಯಾಪ್ಟನ್ ಆಸೆ ಮರೆತುಬಿಡು.”

“ಸಾರ್, ಕೋಟು...”

“ಸೋಲೇ ಗೆಲುವಿನ ಮೆಟ್ಟಿಲು!” ಎಂದು ಮಾಲೀಕ ಆ ಕೋಟನ್ನು ಎತ್ತಿ, ಬೆನ್ನ ಮೇಲಿನ ಕಂದು ಗುರುತು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ನೇತುಹಾಕಿದ. ಇದೇ ಗುರುತು ಗರಿಗರಿಯ ಕೈಯಲ್ಲಿ ಬಿದ್ದಿದ್ದರೆ ಆ ತಿಂಗಳ ಸಂಬಳ ಗೋಡೆಗೆ ನೇತಾಡುತ್ತಿತ್ತು. ಡ್ರೈವರ್ ಸುಟ್ಟರೆ ಮೆಟ್ಟಿಲು!

ಗರಿಗರಿ ಹೆಗಲ ಮೇಲಿದ್ದ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕೂತ. ಸರಿಯಾಗಿ ಆ ಹೊತ್ತಿಗೆ ಪರದೆ ಬಟ್ಟೆಯ ಗಂಟು ಹೊತ್ತು ಎದುರುಮನೆಯಾಕೆ ಒಳಗೆ ಬಂದಳು. ಆಕೆಯ ಕಣ್ಣಿಗೆ ಬಿದ್ದ ಸುದ್ದಿ ಆಕೆ ಮನೆ ಮುಟ್ಟುವ ಮೊದಲೇ ಬೀದಿ ಮುಟ್ಟುತ್ತದೆ.

“ಅಯ್ಯೋ, ಇದೇನ್ರೀ ಇಲ್ಲಿ ಕೂತಿದೀರಿ? ಕೆಲಸದಿಂದ ತೆಗೆದ್ರಾ?”

ಗರಿಗರಿ ಇಲ್ಲವೆಂದು ತಲೆಯಾಡಿಸಿದ. ಮಾಲೀಕನ ಕಡೆ ಬೆರಳು ತೋರಿಸಿದ, ತನ್ನ ಬಾಯಿ ಮುಟ್ಟಿ ತೋರಿಸಿದ, ಸಿನಿಮಾ ಎನ್ನುವುದಕ್ಕೆ ಗಾಳಿಯಲ್ಲಿ ಒಂದು ಚೌಕ ಬರೆದ, ಫುಟ್‌ಬಾಲ್ ಎನ್ನುವುದಕ್ಕೆ ಕಾಲು ಝಾಡಿಸಿದ.

ಆಕೆ ಎಲ್ಲ ಅರ್ಥವಾದವಳ ಹಾಗೆ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. “ಒದ್ದು ಹೊರಗೆ ಹಾಕಿದ್ರಾ! ಪಾಪ, ಮಾತೂ ಬಿದ್ದುಹೋಗಿದೆ!” ಎಂದು ಪರದೆಯ ಗಂಟನ್ನು ಅಲ್ಲೇ ಬಿಟ್ಟು ಓಡಿದಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಗರಿಗರಿಯ ಹೆಂಡತಿ ಬಂದಳು. ಒಬ್ಬಳೇ ಬಂದಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಹಿಂದೆ ಎದುರುಮನೆಯಾಕೆ, ಆಕೆಯ ಹಿಂದೆ ಅರ್ಧ ಬೀದಿ.

“ಎಲ್ಲಿ ಆ ಮಾಲೀಕ? ನಮ್ಮೆಜಮಾನ್ರನ್ನ ಒದೆಯೋಕೆ ಎಷ್ಟು ಧೈರ್ಯ?” ಎಂದು ಬಾಗಿಲಲ್ಲೇ ಗುಡುಗಿದಳು.

ಬೇರೆ ಯಾವ ಮಾಲೀಕನಾದರೂ ಹೆದರುತ್ತಿದ್ದ. ಈತನ ಮುಖ ಮಾತ್ರ ಅರಳಿತು. “ಅಭಿಮಾನಿಗಳು! ಸಿನಿಮಾದಲ್ಲೂ ಹಿಂಗೇ, ಇಡೀ ಊರೇ ಬರುತ್ತೆ. ಬನ್ನಿ, ಕೂತ್ಕೊಳ್ಳಿ!” ಎಂದು ಬಟ್ಟೆಯ ಗಂಟುಗಳನ್ನೇ ಸಾಲಾಗಿ ಇಟ್ಟು ಕೂರಿಸಿದ. ಜಗಳಕ್ಕೆ ಬಂದವರು ಗ್ಯಾಲರಿಯಾಗಿಬಿಟ್ಟರು. ಹೆಂಡತಿ ಗಂಡನ ಕಿವಿಯಲ್ಲಿ, “ಏನ್ರೀ ಇದು? ಮೇಸ್ತ್ರಿ ಆಗ್ತೀರೋ ಇಲ್ವೋ?” ಎಂದು ಕೇಳಿದಳು. ಗರಿಗರಿ ಆಕಾಶದ ಕಡೆ ಕೈ ತೋರಿಸಿದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ. ಕೋಟುಗಳು ಸಿದ್ಧವಿಲ್ಲದಿದ್ದರೆ ನಾಳೆಯಿಂದ ಬೇರೆ ಲಾಂಡ್ರಿ ಎಂದು ಆ ಕಡೆಯವರು ಖಡಾಖಂಡಿತವಾಗಿ ಹೇಳಿ ಇಟ್ಟುಬಿಟ್ಟರು. ಮಾಲೀಕ ತಿರುಗಿ ನೋಡಿದ. ಸೋಪಿನ ನೊರೆ ಹೋಗಲಿ ಎಂದು ಮತ್ತೆ ಮತ್ತೆ ನೀರಿನಲ್ಲಿ ಜಾಲಿಸಿ ಒಣಗಿಸಿದ್ದ ಕೋಟುಗಳು ಮುದ್ದೆಮುದ್ದೆಯಾಗಿ ಮೇಜಿನ ಮೇಲೆ ಗುಡ್ಡ ಬಿದ್ದಿದ್ದವು. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಆತನ ಮುಖ ಆ ಕೋಟಿಗಿಂತ ಬೆಳ್ಳಗಾಯಿತು. ಆಮೇಲೆ ಸಿನಿಮಾ ನೆನಪಾಗಿ ರಕ್ತ ಮರಳಿ ಬಂತು. ಸೀಟಿ ಊದಿದ.

“ಕೊನೇ ಗಳಿಗೆ! ಗರಿಗರಿ, ಇಳಿ ಮೈದಾನಕ್ಕೆ! ಹುಟ್ಟೋವಾಗ ಯಾರೂ ಗೆದ್ದು ಹುಟ್ಟೋದಿಲ್ಲ...”

“ಭಾಷಣ ಆಮೇಲೆ ಮಾಡಿ ಸಾರ್!” ಎಂದ ಗರಿಗರಿ ಟವೆಲ್ಲು ಕಿತ್ತೆಸೆದು.

ಅವನಿಗೆ ಬಂದಿದ್ದು ಹುರುಪಲ್ಲ, ಸಿಟ್ಟು. ಬೆಳಗಿನಿಂದ ಹಲ್ಲು ಕಚ್ಚಿ ಕೂಡಿಟ್ಟ ಸಿಟ್ಟು. ಎರಡು ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು, ಒಂದು ಆರುವಷ್ಟರಲ್ಲಿ ಇನ್ನೊಂದು ಹಿಡಿದ. “ಡ್ರೈವರ್, ನೀರು ಚಿಮುಕಿಸು! ನೊರೆ, ಕಾಲರು ಎಳೆದು ಹಿಡಿ! ಅಮ್ಮಾ, ನೀವು ಗುಂಡಿ ಹಾಕಿ ಮಡಿಸಿ!” ಎಂದು ಗದರಿದ. ಗದರಿದ ರಭಸಕ್ಕೆ ಮೂವರೂ ಎದುರು ಮಾತಿಲ್ಲದೆ ಸಾಲಿಗೆ ನಿಂತರು. ನೀರು, ಕಾಲರು, ಇಸ್ತ್ರಿ, ಮಡಿಕೆ. ಒಂದು ಕೋಟು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಸಿನಿಮಾ ಎಂಬುದನ್ನೇ ಮರೆತ ಆ ನಾಲ್ವರು ಅಂದು ಮೊದಲ ಬಾರಿಗೆ ನಿಜಕ್ಕೂ ತಂಡವಾಗಿದ್ದರು. ಮಾಲೀಕನಿಗೆ ಅದು ಕಾಣಲಿಲ್ಲ, ಆತ ಕಣ್ಣೊರೆಸಿಕೊಳ್ಳುತ್ತಿದ್ದ. ಬೀದಿಯ ಜನ ಗಂಟುಗಳ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಆಸ್ಪತ್ರೆಯ ಗಾಡಿ ಬಾಗಿಲಲ್ಲಿ ಹಾರನ್ ಹೊಡೆದಾಗ, ಗೋಡೆಯಲ್ಲಿ ನೇತಾಡುತ್ತಿದ್ದ ಆ ಒಂದನ್ನು ಬಿಟ್ಟು ಮಿಕ್ಕ ಕೋಟುಗಳೆಲ್ಲ ಗರಿಗರಿಯಾಗಿ ಕಟ್ಟು ಕಟ್ಟಿಸಿಕೊಂಡು ಕೂತಿದ್ದವು.

ನೊರೆಯೂ ಡ್ರೈವರೂ ಸಿನಿಮಾದಲ್ಲಿ ಮಾಡುವ ಹಾಗೆ ಗರಿಗರಿಯನ್ನು ಹೆಗಲ ಮೇಲೆ ಎತ್ತಿದರು. ಛಾವಣಿಯ ಹಬೆ ಪೈಪು ಅವನ ನೆತ್ತಿಗೆ ಠಣ್ಣೆಂದು ಬಡಿಯಿತು. ಬಡಿದರೂ ಅವನು ನಗುತ್ತಿದ್ದ. ಮಾಲೀಕ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

“ಇವತ್ತು ನಮ್ಮ ಮಾನ ಉಳಿಸಿದ್ದು ಯಾರು ಅಂತ ಎಲ್ಲರೂ ನೋಡಿದ್ದೀರಿ. ಆದ್ದರಿಂದ ನಮ್ಮ ಕ್ಯಾಪ್ಟನ್...”

ಇನ್ನು ಒಂದೇ ಒಂದು ಮಾತು ಆತನ ಬಾಯಿಂದ ಬೀಳಬೇಕಿತ್ತು. ಅಷ್ಟು ಹೊತ್ತು ಗರಿಗರಿಯ ಹೆಂಡತಿ ತಾಳಿಕೊಂಡಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು? ಆದರೆ ಬೀದಿಯಲ್ಲಿ ಆದ ಅವಮಾನವನ್ನು ಬೀದಿಯವರ ಮುಂದೆಯೇ ತೀರಿಸಿಕೊಳ್ಳಬೇಕಿತ್ತು ಆಕೆಗೆ. ಎದುರುಮನೆಯಾಕೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಎದೆಯುಬ್ಬಿಸಿ ಹೇಳಿಯೇಬಿಟ್ಟಳು:

“ನೋಡಿದ್ರಾ? ಇಡೀ ದಿನದ ಕೆಲಸಾನ ನಮ್ಮೆಜಮಾನ್ರು ಒಂದು ಗಂಟೇಲಿ ಮುಗಿಸಿದ್ರು!”

ಮಾಲೀಕನ ಬಾಯಿ ಅರ್ಧಕ್ಕೆ ನಿಂತಿತು. ಆತ ಗಡಿಯಾರ ನೋಡಿದ. ಖಾಲಿ ಮೇಜು ನೋಡಿದ. ಆಮೇಲೆ, ಹೆಗಲ ಮೇಲೆ ಕೂತಿದ್ದ ಗರಿಗರಿಯನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ.

“ಹೌದಲ್ಲ! ಒಂದು ಗಂಟೆ. ಇಷ್ಟು ವರ್ಷ ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಎಳೀತಿದ್ದೆಯಲ್ಲೋ!”

“ಸಾರ್, ಇವತ್ತು ನಾಲ್ಕು ಜನ ಸೇರಿ ಮಾಡಿದ್ವಿ. ದಿನಾ ನಾನೊಬ್ಬನೇ ನೀರು ಚಿಮುಕಿಸಿ, ಎಳೆದು, ಮಡಿಸಿ...”

“ಗೆದ್ದವನು ಸಬೂಬು ಹೇಳಬಾರದು. ಇಳಿಸ್ರೋ ಅವನನ್ನ!”

ಇಳಿಸಿದರು. ಮಾಲೀಕ ತೀರ್ಪು ಕೊಟ್ಟ. ಗರಿಗರಿ ಕೊನೆ ಗಳಿಗೆಯ ಆಟಗಾರ, ಅಂಥವನನ್ನು ಬೆಳಗಿನಿಂದ ದಣಿಸಬಾರದು. ನಾಳೆಯಿಂದ ನಾಲ್ಕು ಗಂಟೆಗೆ ಬಂದರೆ ಸಾಕು, ಒಂದು ಗಂಟೆಯ ಕೆಲಸ, ಒಂದು ಗಂಟೆಯ ಸಂಬಳ. ಇನ್ನು ಕ್ಯಾಪ್ಟನ್ ಎಂದರೆ ಸೋತರೂ ಸುಟ್ಟರೂ ಇಡೀ ದಿನ ಮೈದಾನ ಬಿಡದವನು. ಹಾಗೆಂದು ಆತ ಕೊರಳಿನ ಸೀಟಿ ತೆಗೆದು ಡ್ರೈವರಿನ ಕೊರಳಿಗೆ ಹಾಕಿದ. ಡ್ರೈವರ್ ನಾಚಿಕೊಂಡು ಒಂದು ಸಲ ಊದಿ ನೋಡಿದ.

ಗರಿಗರಿಯ ಮೈಯೆಲ್ಲ ಉರಿದುಹೋಯಿತು. ಕೂತದ್ದಕ್ಕೆ ಅವಮಾನ, ಎದ್ದು ದುಡಿದದ್ದಕ್ಕೆ ಶಿಕ್ಷೆ! ಇಷ್ಟು ಜನರಲ್ಲಿ ತನ್ನ ಪರವಾಗಿ ನಾಲ್ಕು ಮಾತಾಡುವವಳು ಒಬ್ಬಳೇ ಎಂದು ಹೆಂಡತಿಯ ಕಡೆ ತಿರುಗಿದ. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಎದುರುಮನೆಯಾಕೆ ಒಂದು ಮಾತೂ ತಪ್ಪಿಹೋಗದಿರಲೆಂದು ತಾನು ಕೂತಿದ್ದ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಹೇಳೇ, ನೀನಾದ್ರೂ ಇವರಿಗೆ ಹೇಳೇ!” ಎಂದ ಗರಿಗರಿ.

“ಇವರಿಗೆ ಆಮೇಲೆ ಹೇಳ್ತೀನಿ,” ಎಂದಳು ಹೆಂಡತಿ. “ಮೊದಲು ನೀವು ನನಗೆ ಹೇಳಿ. ಕೆಲಸ ಒಂದೇ ಗಂಟೆ ಆದ್ರೆ, ಇಷ್ಟು ವರ್ಷ ಮಿಕ್ಕ ಹೊತ್ತೆಲ್ಲ ಎಲ್ಲಿ ಹೋಗ್ತಿದ್ರಿ?”